ಸಿಬ್ಬೋ, ತೊನ್ನೋ, ಇನ್ನೊಂದೋ?

ಚರ್ಮರೋಗದ ಪರೀಕ್ಷೆಯಲ್ಲಿ ‘ಸ್ಪಾಟರ್’ ಎಂಬ ಭಾಗವೊಂದಿರುತ್ತದೆ. ಮೇಜಿನ ಮೇಲೆ ಸಾಲಾಗಿ ಚಿತ್ರಗಳು. ಒಂದೊಂದರ ಮುಂದೆ ಒಂದೆರಡು ನಿಮಿಷ. ಗಂಟೆ ಬಾರಿಸಿದ ಕೂಡಲೇ ಮುಂದಿನ ಚಿತ್ರಕ್ಕೆ ಸರಿಯಬೇಕು. ಚಿತ್ರದಲ್ಲಿರುವುದು ಒಂದು ಬೆನ್ನು, ಒಂದು ಅಂಗೈ, ಒಂದು ಮೊಣಕಾಲು. ಮುಖವಿದ್ದರೆ ಕಣ್ಣಿನ ಮೇಲೊಂದು ಕಪ್ಪು ಪಟ್ಟಿ. ಆ ತುಂಡು ಮೈಯನ್ನು ನೋಡಿ ಇದು ಯಾವ ರೋಗ, ಹಾಗೆನ್ನಲು ಆಧಾರವೇನು, ಇದನ್ನೇ ಹೋಲುವ ಬೇರೆ ರೋಗಗಳು ಯಾವುವು ಎಂದು ಬರೆಯಬೇಕು.

ಇದೆಲ್ಲ ನನಗೆ ಗೊತ್ತಾದದ್ದು ತಂಗಿಯಿಂದ. ಅವಳು ಗದಗಿನ ಮಲ್ಲಸಮುದ್ರದಲ್ಲಿರುವ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಓದುತ್ತಾಳೆ. 2015ರಲ್ಲಿ ಶುರುವಾದ, ನಾವೆಲ್ಲ ಜಿಮ್ಸ್ ಎಂದು ಕರೆಯುವ ಕಾಲೇಜು. ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ವಿಷಯ ಗದಗ ಜಿಲ್ಲೆಯ ಆಡುಮಾತಿನಲ್ಲಿರುವ ಮೈಯ ಮತ್ತು ಬೇನೆಯ ಪದಗಳು. ಕ್ಷೇತ್ರಕಾರ್ಯದ ನೆಪದಲ್ಲಿ ಬೆಟಗೇರಿಯಲ್ಲಿ ಅವಳು ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ನಾಲ್ಕು ತಿಂಗಳು ಇದ್ದೆ. ಹಗಲು ನಾನು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಬಸ್ಸು ಹತ್ತುತ್ತಿದ್ದೆ. ಅವಳು ಆಸ್ಪತ್ರೆಯ ದಾರಿ ಹಿಡಿಯುತ್ತಿದ್ದಳು. ರಾತ್ರಿ ಊಟವಾದ ಮೇಲೆ ಅವಳಿಗೆ ಚಿತ್ರ ತೋರಿಸಿ ಉತ್ತರ ತಾಳೆ ನೋಡುವ ಕೆಲಸ ನನ್ನದು.

ಮೊದಲ ದಿನವೇ ಅವಳು ಒಂದು ಕಟ್ಟಳೆ ಹಾಕಿದಳು. “ಅಕ್ಕಾ, ನಾ ಹೆಸರು ಹೇಳಾಕ ಅವಸರ ಮಾಡಿದ್ರ ತಡಿ. ಮೊದಲ ಕಂಡದ್ದ ಹೇಳಬೇಕು. ಹೆಸರು ಆಮ್ಯಾಲೆ.”

“ಯಾಕ?”

“ಹೆಸರು ಮೊದಲ ಬಂತಂದ್ರ ಕಣ್ಣು ನೋಡೂದು ಬಿಡತಾವ.”

ಕಂಡದ್ದನ್ನು ಹೇಳುವುದಕ್ಕೂ ಒಂದು ವ್ಯಾಕರಣವಿದೆ. ಮೈಮಟ್ಟಕ್ಕೇ ಇದ್ದು ಬಣ್ಣ ಮಾತ್ರ ಬದಲಾಗಿದೆಯೇ? ಅದು ಕಲೆ. ಉಬ್ಬಿದೆಯೇ? ಗುಳ್ಳೆ ಅಥವಾ ಗಂಟು. ಒಳಗೆ ತಿಳಿನೀರಿದೆಯೇ? ಬೊಕ್ಕೆ. ಕೀವಿದೆಯೇ? ಅದು ಬೇರೆ ದಾರಿ. ಅಂಚು ತೀಡಿದಂತಿದೆಯೋ, ಸುತ್ತಲಿನ ಚರ್ಮದಲ್ಲಿ ಕರಗಿ ಹೋಗಿದೆಯೋ? ಮೇಲೆ ಹೊಪ್ಪಳಿಕೆ ಏಳುತ್ತದೆಯೇ? ಮೈಯ ಎರಡೂ ಬದಿಗಿದೆಯೋ, ಒಂದೇ ಬದಿಗೋ? ಇಷ್ಟು ಹೇಳುವಷ್ಟರಲ್ಲಿ ರೋಗ ಅರ್ಧ ಸಿಕ್ಕಿರುತ್ತದೆ. ಉಳಿದರ್ಧ ರೋಗಿಯನ್ನು ಕೇಳಬೇಕು. ತುರಿಸುತ್ತದೆಯೇ? ಯಾವಾಗ? ಮನೆಯಲ್ಲಿ ಮತ್ತೆ ಯಾರಿಗೆ?

ಹುರುಕು ಎಂದು ನಾವನ್ನುವ ಕಜ್ಜಿಯನ್ನೇ ನೋಡಿ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆಗಳು. ಬರೀ ಚಿತ್ರ ನೋಡಿದರೆ ಹತ್ತು ರೋಗಗಳ ಹೆಸರು ಹೇಳಬಹುದು. ರಾತ್ರಿ ಹಾಸಿಗೆ ಬೆಚ್ಚಗಾದ ಮೇಲೆ ತುರಿಕೆ ಹೆಚ್ಚುತ್ತದೆ, ಮನೆಮಂದಿಗೆಲ್ಲ ಇದೆ ಎಂಬ ಎರಡು ಮಾತು ಸಿಕ್ಕರೆ ಉಳಿದ ಒಂಬತ್ತು ಬಿದ್ದುಹೋಗುತ್ತವೆ. ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಇದಕ್ಕೆ ಕಾರಣ. 1687ರಷ್ಟು ಹಿಂದೆಯೇ ಬೊನೊಮೊ, ಚೆಸ್ಟೋನಿ ಎಂಬ ಇಬ್ಬರು ಇಟಾಲಿಯನ್ನರು ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿ ಚಿತ್ರ ಬರೆದಿದ್ದರು. ಮುಲಾಮನ್ನು ಕೊರಳಿನಿಂದ ಕಾಲ್ಬೆರಳವರೆಗೆ ರಾತ್ರಿ ಹಚ್ಚಬೇಕು, ಅದೂ ಮನೆಯ ಎಲ್ಲರೂ ಒಂದೇ ದಿನ ಹಚ್ಚಬೇಕು. ತುರಿಕೆ ಇಲ್ಲದವರೂ ಹಚ್ಚಬೇಕು. ಒಬ್ಬರು ತಪ್ಪಿಸಿಕೊಂಡರೂ ಅದು ತಿರುಗಿ ಬರುತ್ತದೆ.

ಕೆಲವು ರೋಗಗಳಲ್ಲಿ ಆಕಾರವೇ ಸಾಕ್ಷಿ ಹೇಳುತ್ತದೆ. ಪಾದದ ಮೇಲೆ ಹವಾಯಿ ಚಪ್ಪಲಿಯ ಪಟ್ಟಿಯದೇ ಅಚ್ಚು ಮೂಡಿದ್ದರೆ ಅದು ರಬ್ಬರಿಗೆ ಚರ್ಮ ತೋರಿದ ಸಿಟ್ಟು. ಹಣೆಯ ನಡುವೆ ನಾಣ್ಯದಷ್ಟು ದುಂಡಗೆ ಬಿಳಿಯಾಗಿದ್ದರೆ ಅಂಟಿಸುವ ಬಿಂದಿಯ ಗೋಂದಿನಲ್ಲಿರುವ ರಾಸಾಯನಿಕದ ಕೆಲಸ. ನಡುವಿನ ಸುತ್ತ ಕಪ್ಪಗೆ ದಪ್ಪಗಾದ ಪಟ್ಟಿಯಿದ್ದರೆ ವರ್ಷಾನುಗಟ್ಟಲೆ ಬಿಗಿದು ಕಟ್ಟಿದ ಲಂಗದ ಲಾಡಿಯದು. ಮೈ ತನ್ನ ದಿನಚರಿಯನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ.

*

ನನ್ನ ಹಗಲಿನ ಕೆಲಸಕ್ಕೂ ಅವಳ ರಾತ್ರಿಯ ಓದಿಗೂ ಗಂಟು ಬಿದ್ದದ್ದು ಹೆಸರುಗಳ ವಿಷಯದಲ್ಲಿ. ಗ್ರೀಕು, ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡುವುದು ಅವಳಿಗೆ ಬೇಸರ. ಅವುಗಳ ಬೇರು ಕೆದಕುವುದು ನನಗೆ ಚಟ. ಅವಳ ಬದಿಗೆ ನೀನಾ ಖನ್ನಾ ಅವರ ಚರ್ಮರೋಗದ ಪುಸ್ತಕ. ನನ್ನ ಬದಿಗೆ ಬಾಸೆಲ್ ಮಿಷನ್ನಿನವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕಿಟೆಲ್ ನಿಘಂಟು.

ತಲೆಹೊಟ್ಟಿಗೆ ಅವಳ ಪುಸ್ತಕದಲ್ಲಿ ಪಿಟಿರಿಯಾಸಿಸ್ ಕ್ಯಾಪಿಟಿಸ್ ಎಂಬ ಹೆಸರಿದೆ. ಗ್ರೀಕಿನ ಪಿಟಿರಾನ್ ಎಂದರೆ ಕಾಳಿನ ತೌಡು, ಹೊಟ್ಟು. ಪಾದದ ಆಣಿಗೆ ವೈದ್ಯರ ಭಾಷೆಯಲ್ಲಿ ಕ್ಲಾವಸ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಮೊಳೆ. ನಮ್ಮ ಆಣಿಯೂ ಮೊಳೆಯೇ. ಉಗುರುಸುತ್ತು ಅವರಿಗೆ ಪ್ಯಾರೊನೈಕಿಯಾ, ಅಂದರೆ ಉಗುರಿನ ಪಕ್ಕದ್ದು. ಸರ್ಪಸುತ್ತು ಹರ್ಪಿಸ್ ಝೋಸ್ಟರ್. ಹರ್ಪಿಸ್ ಎಂಬುದರ ಬೇರಿನಲ್ಲಿ ತೆವಳುವುದಿದೆ, ಝೋಸ್ಟರ್ ಎಂದರೆ ನಡುಪಟ್ಟಿ. ತೆವಳುವುದು, ನಡುವನ್ನು ಸುತ್ತುವುದು. ಗ್ರೀಕನೊಬ್ಬ ಮತ್ತು ನಮ್ಮ ಕಡೆಯ ರೈತನೊಬ್ಬ ಒಂದೇ ಬೆನ್ನನ್ನು ನೋಡಿ ಬೇರೆ ಬೇರೆ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದೇ ಮಾತು ಆಡಿದ್ದಾರೆ.

“ನಿನ್ನ ಪರೀಕ್ಷೆಗೆ ನಮ್ಮ ಅಜ್ಜಿಯೇ ಪಾಠ ಹೇಳಬಹುದಿತ್ತು” ಎಂದೆ.

ಅವಳು ಅಷ್ಟಕ್ಕೇ ಒಪ್ಪಲಿಲ್ಲ. ಸರ್ಪಸುತ್ತಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನಮ್ಮಲ್ಲಿ ಹೆದರುತ್ತಾರೆ. ಆದರೆ ಆ ವೈರಸ್ಸು ಒಂದು ನರದ ಬೇರಿನಲ್ಲಿ ಅಡಗಿದ್ದು ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಹಾಗಾಗಿ ಮೈಯ ನಡುಗೆರೆಯ ಹತ್ತಿರ ಅದು ನಿಲ್ಲುತ್ತದೆ. ಒಂದೇ ಬದಿಗೆ, ಪಟ್ಟಿಯಂತೆ, ಗೊಂಚಲು ಗೊಂಚಲು ಬೊಕ್ಕೆ ಎಂಬುದೇ ಅದರ ಗುರುತು. ತಲೆ ಬಾಲ ಕೂಡುವುದನ್ನು ಕಾಯುತ್ತ ಕೆಮ್ಮಣ್ಣು ಬಳಿದುಕೊಂಡು ಕೂತರೆ ಔಷಧ ಶುರು ಮಾಡಬೇಕಾದ ಮೊದಲ ಮೂರು ದಿನ ಕಳೆದುಹೋಗುತ್ತವೆ. ವಯಸ್ಸಾದವರಲ್ಲಿ ಬೊಕ್ಕೆ ಒಣಗಿದರೂ ನರದ ಉರಿ ತಿಂಗಳುಗಟ್ಟಲೆ ಉಳಿಯಬಹುದು. ಹೆಸರಿಟ್ಟವರ ಕಣ್ಣು ಚುರುಕಾಗಿತ್ತು. ಹೆಸರಿನ ಬೆನ್ನಿಗೆ ಹುಟ್ಟಿದ ಕಥೆ ಮಾತ್ರ ಬೇರೆ ದಾರಿ ಹಿಡಿಯಿತು.

ಹುಳುಕಡ್ಡಿಯ ಹೆಸರಿನಲ್ಲಿ ಕಣ್ಣೂ ಮೋಸ ಹೋಗಿದೆ. ಅದರಲ್ಲಿ ಹುಳವಿಲ್ಲ, ಇರುವುದು ಶಿಲೀಂಧ್ರ. ಇಂಗ್ಲಿಷಿನವರೂ ಅದನ್ನು ಉಂಗುರದ ಹುಳ ಎಂದೇ ಕರೆದರು. ನಡುವೆ ವಾಸಿಯಾಗುತ್ತ ಅಂಚಿನಲ್ಲಿ ಹಬ್ಬುತ್ತ ಹೋಗುವ ಆ ಉಂಗುರವನ್ನು ಗುರುತಿಸುವುದು ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆ. ಆಸ್ಪತ್ರೆಯಲ್ಲಿ ಹಾಗಲ್ಲ ಎಂದು ತಂಗಿ ಹೇಳುತ್ತಿದ್ದಳು. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟಿರಾಯ್ಡ್ ಬೆರೆಸಿದ ಮುಲಾಮು ಹಚ್ಚಿಕೊಂಡವರೇ ಹೆಚ್ಚು ಬರುತ್ತಾರಂತೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ಉಂಗುರ ಒಡೆದು, ಅಂಚು ಮಾಸಿ, ರೋಗ ತನ್ನ ಮುಖವನ್ನೇ ಕಳೆದುಕೊಳ್ಳುತ್ತದೆ. ಇದಕ್ಕೆ ಪುಸ್ತಕದಲ್ಲಿ ‘ಗುರುತು ಮರೆಸಿಕೊಂಡದ್ದು’ ಎಂಬರ್ಥದ ಇನ್‌ಕಾಗ್ನಿಟೊ ಎಂಬ ಹೆಸರೇ ಇದೆ. ಸ್ಟಿರಾಯ್ಡ್ ಮುಲಾಮುಗಳಿಗೆ ವೈದ್ಯರ ಚೀಟಿ ಬೇಕೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಸಾಮಾನ್ಯ ಔಷಧಕ್ಕೆ ಬಗ್ಗದ ಒಂದು ಬಗೆಯ ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೋಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರು ಹೀಗೂ ಒಂದು ಹುಳುಕಡ್ಡಿಗೆ ಅಂಟಿಕೊಂಡಿತು.

*

ಇನ್ನೊಂದು ತೊಡಕು ಬಣ್ಣದ್ದು. ಪಾಶ್ಚಾತ್ಯ ಪುಸ್ತಕಗಳಲ್ಲಿ ಪ್ರತಿ ಎರಡನೆಯ ಸಾಲಿಗೆ ‘ಕೆಂಪಗಾಗಿರುವುದು’ ಎಂಬ ವರ್ಣನೆ ಬರುತ್ತದೆ. ಬಿಳಿ ಮೈಯ ಮೇಲೆ ಅದು ಹೌದು. ನಮ್ಮ ಮೈಯ ಮೇಲೆ ಅದೇ ಉರಿಯೂತ ಒಮ್ಮೆ ನೇರಳೆ, ಒಮ್ಮೆ ಬೂದು, ಎಷ್ಟೋ ಸಲ ಸುತ್ತಲಿಗಿಂತ ತುಸು ಹೆಚ್ಚು ಕಪ್ಪು. ಗದಗ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಸಾರಿ ಹೊಲದಲ್ಲಿ ಕಾಣುವ ತೇವ ಎರಿ ಹೊಲದಲ್ಲಿ ಬೇರೆಯೇ ಬಣ್ಣದಲ್ಲಿ ಕಾಣುತ್ತದೆ. ಎರಡನ್ನೂ ಉತ್ತವನಿಗೆ ಎರಡರ ಹದವೂ ಗೊತ್ತು.

1975ರಲ್ಲಿ ಅಮೆರಿಕದ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ವೈದ್ಯ, ಬಿಸಿಲಿಗೆ ಎಷ್ಟು ಸುಡುತ್ತದೆ, ಎಷ್ಟು ಕಪ್ಪಾಗುತ್ತದೆ ಎಂಬುದರ ಮೇಲೆ ಚರ್ಮವನ್ನು ವಿಂಗಡಿಸಿದ. ಅದು ಮೊದಲು ಬಿಳಿಯರಿಗಾಗಿ ಮಾಡಿದ ಪಟ್ಟಿ. ಕಂದು ಮತ್ತು ಕಪ್ಪು ಮೈಯ ಐದನೆಯ, ಆರನೆಯ ವರ್ಗಗಳು ಆಮೇಲೆ ಸೇರಿದವು. 2020ರಲ್ಲಿ ಲಂಡನ್ನಿನ ಸೇಂಟ್ ಜಾರ್ಜಸ್‌ನಲ್ಲಿ ಓದುತ್ತಿದ್ದ ಮಲೋನ್ ಮುಕ್ವೆಂಡೆ ಎಂಬ ವಿದ್ಯಾರ್ಥಿ ತನ್ನಿಬ್ಬರು ಅಧ್ಯಾಪಕರ ಜೊತೆಗೂಡಿ ‘ಮೈಂಡ್ ದ ಗ್ಯಾಪ್’ ಎಂಬ ಕೈಪಿಡಿ ತಂದ. ರೋಗದ ಚಿಹ್ನೆಗಳು ಕಂದು ಮತ್ತು ಕಪ್ಪು ಮೈಗಳಲ್ಲಿ ಹೇಗೆ ಕಾಣುತ್ತವೆ ಎಂಬುದೇ ಅದರ ವಿಷಯ. ನಮ್ಮ ದೇಶದ ಪುಸ್ತಕಗಳಲ್ಲಿ ನಮ್ಮಂಥ ಮೈಗಳೇ ಇರುವುದು ತಂಗಿಯಂಥವರಿಗೆ ದೊಡ್ಡ ಅನುಕೂಲ. ಆದರೂ ಕೆಲವೊಮ್ಮೆ ಚಿತ್ರ ಬದಿಗಿಟ್ಟು ನನ್ನ ಮೊಣಕೈಯ ಒಣಚರ್ಮವನ್ನೋ, ತನ್ನ ಕುತ್ತಿಗೆಯ ಬೆವರುಸಾಲೆಯನ್ನೋ ದೀಪದ ಕೆಳಗೆ ಹಿಡಿದು, ಪುಸ್ತಕದ ಕೆಂಪು ಇಲ್ಲಿ ಯಾವ ಬಣ್ಣ ಎಂದು ನೋಡುತ್ತಿದ್ದಳು.

ನಮ್ಮ ಕಣ್ಣಿಗೆ ಬೇಗ ಬೀಳುವುದು ಬಿಳಿ. ಕಂದು ಮೈಯ ಮೇಲೆ ಬಿಳಿ ಕಲೆ ಅಡಗುವುದಿಲ್ಲ. ಮಕ್ಕಳ ಕೆನ್ನೆಯ ಮೇಲಿನ ಮಾಸಲು ಬಿಳಿ ಮಚ್ಚೆ ಕಂಡರೆ ಹೊಟ್ಟೆಯಲ್ಲಿ ಜಂತು ಎನ್ನುತ್ತಾರೆ. ಜಂತುವಿಗೂ ಅದಕ್ಕೂ ಸಂಬಂಧವಿಲ್ಲ, ಒಣಚರ್ಮದ ಮಕ್ಕಳಲ್ಲಿ ಅದು ಸಾಮಾನ್ಯ. ಎದೆ ಬೆನ್ನಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಹರಡಿ, ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು ಏಳುವುದು ಸಿಬ್ಬು. ಅದೂ ಒಂದು ಬಗೆಯ ಶಿಲೀಂಧ್ರ. ಹಾಲಿನಷ್ಟು ಬಿಳಿ, ಹೊಟ್ಟಿಲ್ಲ, ನುಣುಪು, ಎಷ್ಟೋ ವೇಳೆ ಅಲ್ಲಿನ ಕೂದಲೂ ಬಿಳಿ ಎಂದರೆ ತೊನ್ನು. ಪೂರ್ತಿ ಬಿಳಿಯಲ್ಲ, ಮಾಸಲು ಅಥವಾ ತಾಮ್ರದ ಬಣ್ಣ, ಕೂದಲು ಕಡಿಮೆ, ಬೆವರಿಲ್ಲ, ಮುಟ್ಟಿದರೆ ಸ್ಪರ್ಶ ಗೊತ್ತಾಗುವುದಿಲ್ಲ ಎಂದರೆ ಕುಷ್ಠ. ಪರೀಕ್ಷೆಯಲ್ಲಿ ಈ ನಾಲ್ಕನ್ನು ಒಂದರ ಪಕ್ಕ ಒಂದಿಟ್ಟು ಕೇಳುವುದು ಮಾಮೂಲು. “ಚಿತ್ರ ನೋಡಿ ಈ ನಾಕನೇದ್ದು ಖಾತ್ರಿ ಹೇಳಾಕ ಬರೂದಿಲ್ಲಕ್ಕಾ. ಮುಟ್ಟಿ ನೋಡಬೇಕು” ಎನ್ನುತ್ತಿದ್ದಳು.

*

ಲಕ್ಷ್ಮೇಶ್ವರ ನಮ್ಮೂರು, ಹಳೆಯ ಹೆಸರು ಪುಲಿಗೆರೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಕನ್ನಡವೇ ಕನ್ನಡದ ತಿರುಳು ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳಿತು. ಪಂಪನೂ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಪಟ್ಟ. ಕನ್ನಡ ಎಂ.ಎ. ಓದಿದ ನಮ್ಮೂರಿನ ಯಾರಿಗೂ ಈ ಮಾತು ಹೇಳದೆ ಇರಲಾಗದು. ತಿರುಳಿನ ನಾಡಿನಲ್ಲಿ ನಾನು ಆರಿಸಿಕೊಂಡದ್ದು ಸಿಪ್ಪೆಯ ಮೇಲಿನ ಪದಗಳನ್ನು ಎಂದು ಸಹಪಾಠಿಗಳು ತಮಾಷೆ ಮಾಡುತ್ತಾರೆ.

ಅಂಥ ಪದಗಳಲ್ಲಿ ತೊನ್ನು ಒಂದು. ಹಳೆಯ ಬಳಕೆಯಲ್ಲಿ ಈ ಪದಕ್ಕೆ ಕುಷ್ಠ ಎಂಬ ಅರ್ಥವೂ ಇದೆ. ತೊನ್ನ ಎಂಬುದು ಬೈಗುಳ. ಅತ್ತ ಸಂಸ್ಕೃತದ ಕುಷ್ಠವೂ ಒಂದೇ ರೋಗದ ಹೆಸರಲ್ಲ. ಚರಕಸಂಹಿತೆ 18 ಬಗೆಯ ಕುಷ್ಠಗಳನ್ನು ಎಣಿಸುತ್ತದೆ. ಇಂದಿನ ಗಜಕರ್ಣ, ಕಜ್ಜಿ, ಇಸಬನ್ನು ಹೋಲುವ ರೋಗಗಳೂ ಅದರಲ್ಲಿ ಬರುತ್ತವೆ. ಹೀಗೆ ಎರಡು ಪದಗಳು ಒಂದರ ಮೇಲೊಂದು ಚಾಚಿಕೊಂಡಿದ್ದರಿಂದ ಯಾರಿಗೂ ಅಂಟದ, ನೋವಿಲ್ಲದ, ಬಣ್ಣ ಮಾತ್ರ ಹೋಗುವ ತೊನ್ನು ‘ಬಿಳಿ ಕುಷ್ಠ’ವಾಯಿತು. ಅದಕ್ಕೂ ಕುಷ್ಠಕ್ಕೂ ನಂಟಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಮೈಯೇ ನಾಶ ಮಾಡಿಕೊಳ್ಳುವುದರಿಂದ ಅದು ಬರುತ್ತದೆ.

ಶಿರಹಟ್ಟಿಯಲ್ಲಿ ನಮ್ಮ ಸೋದರತ್ತಿ ಇದ್ದಾಳೆ. ಹೊಲಿಗೆ ಅವಳ ಕಸುಬು. ಊರಿನ ಅರ್ಧ ಹೆಂಗಸರ ಕುಪ್ಪಸ ಅವಳ ಮಷಿನ್ನಿನಿಂದ ಬಂದದ್ದು. ಅವಳ ಕುಪ್ಪಸ ಮಾತ್ರ ಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ. 19ನೇ ವಯಸ್ಸಿಗೆ ಮಾತುಕತೆಯಾಗಿದ್ದ ಮದುವೆ ಮುರಿಯಿತು, ಮತ್ತೆ ಕೂಡಿಬರಲಿಲ್ಲ. ಮನೆಯಲ್ಲಿ ಅದರ ಕಾರಣ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಂದು ಭಾನುವಾರ ತಂಗಿಯನ್ನೂ ಕರೆದುಕೊಂಡು ಹೋಗಿದ್ದೆ. ಊಟವಾದ ಮೇಲೆ ಅತ್ತಿ ತಾನಾಗಿಯೇ ತೋಳು ಮಡಿಚಿ ಅವಳ ಮುಂದೆ ಕೂತಳು. “ನೀ ಡಾಕ್ಟರ್ ಆಗಾಕತ್ತೀಯಲ್ಲ, ನೋಡು” ಎಂದಳು.

ತಂಗಿ ಕಿಟಕಿಯ ಬೆಳಕಿಗೆ ಕೈ ಹಿಡಿದು ನಿಧಾನವಾಗಿ ನೋಡಿದಳು. ಬೆರಳ ತುದಿಯಿಂದ ಕಲೆಯ ಮೇಲೆ, ಪಕ್ಕದಲ್ಲಿ ಮುಟ್ಟಿ, ಎರಡೂ ಕಡೆ ಒಂದೇ ಥರ ಗೊತ್ತಾಗುತ್ತದೆಯೇ ಎಂದು ಕೇಳಿದಳು. ಆಮೇಲೆ ಹೆಬ್ಬೆರಳ ಬುಡದ ಕಲೆಯ ಮೇಲೆ ನಿಂತಳು. “ಅತ್ತೀ, ಇದು ಎಷ್ಟು ವರ್ಷದ್ದು?”

“ಅದ ಮೊದಲ ಬಂದದ್ದು. ಕತ್ತರಿ ಒತ್ತೂ ಕಡೆ ನೋಡು. ಬಟ್ಟಿ ಕತ್ತರಿಸಿ ಕತ್ತರಿಸಿ ಅಲ್ಲೇ ಬಿಳೇ ಆತು. ಆಮ್ಯಾಲೆ ಮೊಣಕಾಲು.”

ಉಜ್ಜಿದಲ್ಲಿ, ಪೆಟ್ಟು ಬಿದ್ದಲ್ಲಿ ರೋಗ ಹೊಸದಾಗಿ ಮೂಡುವುದಕ್ಕೆ ಕೋಬ್ನರ್ ಎಂಬ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯನ ಹೆಸರಿದೆ. ಆತ ಅದನ್ನು ವಿವರಿಸಿದ್ದು ಸೋರಿಯಾಸಿಸ್‌ನಲ್ಲಿ. ತೊನ್ನಿನಲ್ಲೂ ಅದು ಕಾಣುತ್ತದೆ. ತಂಗಿ ಆ ಹೆಸರು ಹೇಳಿದಾಗ ಅತ್ತಿ ನಕ್ಕಳು. ತಾನು ಮೂವತ್ತು ವರ್ಷದ ಹಿಂದೆ ಕಂಡದ್ದಕ್ಕೆ ಯಾರೋ ಮೊದಲೇ ಹೆಸರಿಟ್ಟಿದ್ದರೆಂದು ಅವಳಿಗೆ ಖುಷಿಯಾದಂತಿತ್ತು. ಆಮೇಲೆ ಹೇಳಿದಳು: “ಹುಡುಗನ ಮನಿಯವರು ಬಂದು ನೋಡಿದ್ದು ಒಂದ ಗಳಿಗಿ. ಕೈ ನೋಡಿದ್ರು, ಹೆಸರಿಟ್ರು, ಎದ್ದು ಹೋದ್ರು. ನೀ ಇಷ್ಟೊತ್ತು ನೋಡಿದಿ.”

ಬಸ್ಸಿನಲ್ಲಿ ಹಿಂತಿರುಗುವಾಗ ನನಗೆ ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆ ನೆನಪಾಯಿತು. ದೇವತೆಗಳೂ ಕಣ್ತುಂಬ ನೋಡಲು ಬಂದ ಚೆಲುವ ಅವನು. ಎಲ್ಲ ಬಿಟ್ಟು ತಪಸ್ಸಿಗೆ ನಡೆದ ಮೇಲೆ ಮೈತುಂಬ ರೋಗ. ವೈದ್ಯರ ವೇಷದಲ್ಲಿ ಬಂದ ದೇವತೆಗಳನ್ನು ಅವನು ಕೇಳುವುದು ಹುಟ್ಟುಸಾವಿನ ರೋಗಕ್ಕೆ ನಿಮ್ಮಲ್ಲಿ ಮದ್ದಿದೆಯೇ ಎಂದು. ಎಂ.ಎ. ತರಗತಿಯಲ್ಲಿ ಆ ಕಥೆಯನ್ನು ದೇಹದ ನಶ್ವರತೆಯ ಪಾಠವಾಗಿ ಓದಿದ್ದೆವು. ಅತ್ತಿಗೆ ತನ್ನ ಮೈ ಯಾರಿಗೂ ಪಾಠವಾಗುವುದು ಬೇಕಿರಲಿಲ್ಲ. ಒಬ್ಬರು ಹೆದರದೆ ಕೈ ಹಿಡಿದು ನೋಡಿದ್ದು ಸಾಕಾಗಿತ್ತು.

*

ಮುಂಡರಗಿ ಸೀಮೆಗೆ ನಾನು ಹೋಗುತ್ತಿದ್ದದ್ದು ತುರಿಕೆಯ ಪದಗಳಿಗಾಗಿ. ಒಂದು ಕಡೆ ಕಪ್ಪತಗುಡ್ಡ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ಕಸ ತೆಗೆಯುವ ಹೆಂಗಸರ ಸಾಲು. ಅವರ ಕೈ, ಕೊರಳು ನೋಡಿದರೆ ಕಾಂಗ್ರೆಸ್ ಕಸದ ಚರಿತ್ರೆ ಗೊತ್ತಾಗುತ್ತದೆ. ಪಾರ್ಥೇನಿಯಂ ಎಂಬ ಈ ಅಮೆರಿಕದ ಗಿಡವನ್ನು 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಿದರು. ಆಮೇಲೆ ಅದು ಮುಟ್ಟದ ಬದುವಿಲ್ಲ. ಅದನ್ನು ತಿನ್ನಲೆಂದು ಮೆಕ್ಸಿಕೊದ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಗಿಡ ಇನ್ನೂ ಇದೆ. ಅದರ ದೂಳು ಒಗ್ಗದವರ ಚರ್ಮ ದಪ್ಪವಾಗಿ, ಒಡೆದು, ಕಪ್ಪಾಗುತ್ತದೆ. ಬಿಸಿಲಿನಿಂದ ಆದದ್ದೋ ದೂಳಿನಿಂದ ಆದದ್ದೋ ಎಂದು ತಿಳಿಯಲು ತಂಗಿ ಒಂದು ಉಪಾಯ ಹೇಳಿದ್ದಳು. ಗದ್ದದ ಕೆಳಗೆ, ಕಿವಿಯ ಹಿಂದೆ, ರೆಪ್ಪೆಯ ಮೇಲೆ ನೋಡು. ಬಿಸಿಲು ಅಲ್ಲಿಗೆ ಸುಲಭಕ್ಕೆ ಹೋಗುವುದಿಲ್ಲ, ದೂಳು ಹೋಗುತ್ತದೆ.

ಅಲ್ಲಿ ಪದಗಳು ಧಾರಾಳ ಸಿಕ್ಕವು. ತುರಸ್ತೈತಿ ಬೇರೆ, ಕಡೀತೈತಿ ಬೇರೆ, ಚುರುಚುರು ಬೇರೆ, ಉರಿ ಬೇರೆ. ಒಬ್ಬೊಬ್ಬರು ತಮ್ಮ ತಮ್ಮ ತುರಿಕೆ ವಿವರಿಸುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಒಬ್ಬಾಕೆ, ನಲವತ್ತೈದರ ಆಸುಪಾಸು, ಮುಂಗೈಯ ಮೇಲಿನ ಅಂಗೈಯಗಲದ ಮಾಸಲು ಕಲೆ ತೋರಿಸಿ ಅಂದಳು: “ನಂದು ಭಾಳ ಛಲೋ ಐತಿ ನೋಡವಾ. ತುರಸೂದಿಲ್ಲ, ನೋಯೂದಿಲ್ಲ. ಅದರ ಪಾಡಿಗೆ ಅದ ಐತಿ. ಸಿಬ್ಬ ಅದು.”

ಎಲ್ಲರೂ ನಕ್ಕರು. ನಾನು ಕಲೆಯನ್ನೇ ನೋಡುತ್ತಿದ್ದೆ. ಅದರ ನಡುವೆ ಹೊಸ ಸುಟ್ಟಗಾಯವಿತ್ತು. ಕೇಳಿದರೆ ರೊಟ್ಟಿಯ ಹಂಚು ತಾಗಿದ್ದೆಂದಳು. ಯಾವಾಗ ತಾಗಿತೆಂದು ಗೊತ್ತಿಲ್ಲ, ಬೊಬ್ಬೆ ಎದ್ದ ಮೇಲೆ ನೋಡಿದಳಂತೆ.

ಸಂಜೆ ತಂಗಿಗೆ ಫೋನು ಮಾಡಿ, ಅವಳ ಕಟ್ಟಳೆಯಂತೆ, ಹೆಸರಿಲ್ಲದೆ ಕಂಡದ್ದಷ್ಟನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ನೀ ಡಾಕ್ಟರಲ್ಲ, ನಾನೂ ಇನ್ನೂ ಅಲ್ಲ. ಊರಾಗ ಯಾರ ಮುಂದೂ ಏನೂ ಅನಬ್ಯಾಡ. ಅಲ್ಲಿ ಆಶಾ ಕಾರ್ಯಕರ್ತೆ ಇರ್ತಾಳ, ಆಕಿ ಕೂಡ ಮಾತಾಡು. ದವಾಖಾನಿಗೆ ಕರಕೊಂಡು ಹೋಗೂದಾಗಬೇಕು.”

ಮುಂದಿನ ವಾರ ಆಕೆ ಆಶಾ ಕಾರ್ಯಕರ್ತೆಯ ಜೊತೆ ಆಸ್ಪತ್ರೆಗೆ ಹೊರಟಾಗ ನನ್ನನ್ನೂ ಬಾ ಎಂದಳು. ವೈದ್ಯರು ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಕೈಯ ಅಲ್ಲಲ್ಲಿ ಮುಟ್ಟಿದರು. ಮುಟ್ಟಿದ ಕಡೆ ಬೆರಳಿಡಬೇಕು. ಆಕೆ ಚಟಚಟನೆ ಬೆರಳಿಟ್ಟಳು. ಹತ್ತಿ ಕಲೆಯ ಮೇಲೆ ಬಂದಾಗ ಬೆರಳು ಗಾಳಿಯಲ್ಲಿ ಕಾಯುತ್ತ ನಿಂತಿತು. “ಮುಟ್ಟಿ ಸಾಹೇಬ್ರ” ಎಂದಳು. ಅವರು ಮುಟ್ಟುತ್ತಲೇ ಇದ್ದರು.

ಮೊಣಕೈಯ ಹಿಂದಿನ ನರ ಒತ್ತಿ ನೋಡಿ, ಅಂಗೈ ಅಂಗಾಲು ತಪಾಸಿಸಿ ವೈದ್ಯರು ಮೊದಲು ಹೇಳಿದ್ದು ಇದು ಆರು ತಿಂಗಳಲ್ಲಿ ಪೂರ್ತಿ ಗುಣವಾಗುತ್ತದೆ ಎಂದು. ಎರಡನೆಯದು ಮಾತ್ರೆಗೆ ದುಡ್ಡಿಲ್ಲ ಎಂದು. ಮೂರನೆಯದು ಮೂತ್ರ ಕೆಂಪಗಾದರೆ ಹೆದರಬೇಡ, ಅದು ಮಾತ್ರೆಯ ಬಣ್ಣ ಎಂದು. ಹೆಸರು ಹೇಳಿದ್ದು ಕೊನೆಗೆ. ಹೇಳುವಾಗ ದನಿ ತಗ್ಗಿತ್ತು.

ಈ ರೋಗದ ಸೂಕ್ಷ್ಮಜೀವಿಯನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದ. ಹಲವು ಔಷಧ ಕೂಡಿಸಿ ಕೊಡುವ ಚಿಕಿತ್ಸೆ 1980ರ ದಶಕದ ಮೊದಲಲ್ಲೇ ಬಂತು. ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳಾದ್ದರಿಂದ ಇದು ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು ಭಾರತ 2005ರ ಕೊನೆಗೆ ಸಾರಿತು. ರೋಗಿಗಳನ್ನು ಬೇರೆಯಾಗಿ ಕೂಡಿಹಾಕಲು ಬ್ರಿಟಿಷರು ಮಾಡಿದ 1898ರ ಕಾಯ್ದೆ ಮಾತ್ರ 2016ರವರೆಗೆ ಪುಸ್ತಕದಲ್ಲಿತ್ತು. ಕುಷ್ಠ ವಿಚ್ಛೇದನಕ್ಕೆ ಕಾರಣವಾಗಬಹುದು ಎಂಬ ಸಾಲು ಹಿಂದೂ ವಿವಾಹ ಕಾಯ್ದೆಯಿಂದ ಹೋದದ್ದು 2019ರಲ್ಲಿ. ಮಾತ್ರೆ ಸಿಕ್ಕು ಹತ್ತಿರಹತ್ತಿರ ನಲವತ್ತು ವರ್ಷದ ಮೇಲೆ. ವೈದ್ಯರ ದನಿ ಯಾಕೆ ತಗ್ಗಿತೆಂದು ಇಷ್ಟರಲ್ಲೇ ತಿಳಿಯುತ್ತದೆ.

ಹಿಂತಿರುಗುವ ಬಸ್ಸಿನಲ್ಲಿ ಆಕೆ ಮಾತ್ರೆಯ ಹಾಳೆಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ನನ್ನ ಕೈಯಲ್ಲಿನ ನೋಟ್‌ಬುಕ್ ನೋಡಿ, “ಅದರಾಗ ಬರದೀಯೇನ?” ಎಂದಳು. ಇಲ್ಲ ಎಂದೆ. “ಊರಾಗ ಸಿಬ್ಬ ಅಂತನ ಹೇಳ್ತೀನಿ. ಮಗಳಿಗೆ ವರ ನೋಡಾಕತ್ತೀವಿ.”

ಅಂದಿನಿಂದ ನನ್ನ ಪ್ರಬಂಧದಲ್ಲಿ ಸಿಬ್ಬು ಎಂಬ ನಮೂದು ಅರ್ಧಕ್ಕೇ ನಿಂತಿದೆ. ಒಂದನೇ ಅರ್ಥ ಬರೆದಾಗಿದೆ: ಎದೆ ಬೆನ್ನಿನ ಮೇಲೆ ಹಬ್ಬುವ, ಕೆರೆದರೆ ಹೊಟ್ಟು ಏಳುವ ಮಾಸಲು ಚುಕ್ಕಿ. ಎರಡನೇ ಅರ್ಥವೊಂದಿದೆ ಎಂದು ನನಗೆ ಗೊತ್ತು. ಬೇರೆ ಹೆಸರನ್ನು ಊರಿನ ಕಣ್ಣಿಂದ ಮರೆಮಾಡಲು ಹೊದೆಸುವ ಪದ. ಬರೆದರೆ ಆಧಾರ ಕೊಡಬೇಕು. ಯಾವ ಊರು, ಯಾರು ಆಡಿದ್ದು, ಯಾವ ದಿನ? ಕ್ಷೇತ್ರಕಾರ್ಯದ ಶಿಸ್ತು ಕೇಳುವುದು ಅದನ್ನೇ. ಮಾರ್ಗದರ್ಶಕರಿಗೆ ಇಷ್ಟೇ ಹೇಳಿದ್ದೇನೆ: ಅರ್ಥ ಖಾತ್ರಿಯಿದೆ, ಆಧಾರ ಕೊಡಲಾರೆ. ಅವರು ಯೋಚಿಸೋಣ ಎಂದಿದ್ದಾರೆ.

ತಂಗಿಯ ಪರೀಕ್ಷೆ ಮುಗಿದು ನಾನು ಧಾರವಾಡಕ್ಕೆ ಮರಳಿದೆ. ಆರು ತಿಂಗಳ ಮೇಲೆ ಮುಂಡರಗಿಯ ಸಂತೆಯಲ್ಲಿ ಆಕೆ ಮತ್ತೆ ಸಿಕ್ಕಳು. ಈರುಳ್ಳಿ ಆರಿಸುತ್ತಿದ್ದ ಕೈಯನ್ನು ತಾನೇ ಮುಂದೆ ಚಾಚಿದಳು. ಕಲೆ ತಿಳಿಯಾಗಿತ್ತು, ಹೋಗಿರಲಿಲ್ಲ. ರೋಗ ವಾಸಿಯಾದರೂ ಕಲೆ ಉಳಿಯಬಹುದು, ಕಳೆದುಹೋದ ಸ್ಪರ್ಶ ಎಲ್ಲ ಕಡೆ ಮರಳುವುದಿಲ್ಲ ಎಂದು ತಂಗಿ ಮೊದಲೇ ಹೇಳಿದ್ದಳು. ಹಂಚಿನ ಮುಂದೆ ಕೂರುವಾಗ ಮುಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಾಳಂತೆ.

“ಮಾತ್ರಿ ಎಲ್ಲಾ ಮುಗುದು. ರೋಗ ಹೋತು ಅಂದ್ರು ಡಾಕ್ಟರು” ಎಂದಳು. ಆಮೇಲೆ ಅತ್ತಿತ್ತ ನೋಡಿ, ಹತ್ತಿರ ಬಂದು ಕೇಳಿದಳು: “ಈಗ ಇದಕ್ಕ ಸಿಬ್ಬ ಅಂದ್ರ ಸುಳ್ಳಾಗೂದಿಲ್ಲಲ್ಲವಾ?”